ಸೇತುವೆಗೆ ಹೆಸರು ಬೇಡ

ಮಾನ್ಯ ಮೇಯರ್ ಅವರಿಗೆ,

ನಮ್ಮೂರ ಹಳ್ಳದ ಸೇತುವೆಯ ಮೇಲೆ ನಿಮ್ಮ ಹೆಸರು, ಮುಖ ಬರೆಯಲು ನಿನ್ನೆ ಪೇಂಟರ್ ಬಂದಿದ್ದ. ಹಳೆಯ ಸೇತುವೆ ಚಂಡಮಾರುತಕ್ಕೆ ಕೊಚ್ಚಿಹೋದ ಮೇಲೆ, ಬಿದ್ದ ತೆಂಗಿನ ಮರಗಳನ್ನೇ ಕೊಯ್ದು ಇದನ್ನು ಕಟ್ಟಿದವರು ನಾವು. ಹನ್ನೊಂದು ಭಾನುವಾರ, ಚರ್ಚು ಮುಗಿಸಿ ಇಡೀ ಊರೇ ಬಂದು ದುಡಿಯಿತು. ಕೂಲಿಯನ್ನು ಯಾರೂ ಕೇಳಲಿಲ್ಲ.

“ಹೆಸರಿಲ್ದಿದ್ರೆ ಯಾರು ಕಟ್ಟಿದ್ದು ಅಂತ ಹೆಂಗಜ್ಜಿ ಗೊತ್ತಾಗೋದು?” ಅಂದ ಪೇಂಟರ್, ನಾನು ಹೆಸರು ಬೇಡ ಅಂದಾಗ.

“ಮೇಲೆ ನಮ್ಮ ದೇಶದ ಬಾವುಟ ಹಾರ್ತಿರೋದು ಕಾಣ್ಸಲ್ವೇನಪ್ಪ? ನಾವು ಫಿಲಿಪಿನೋಗಳು ಕಟ್ಟಿದ್ದು,” ಅಂದೆ.

ಅವನನ್ನು ವಾಪಸು ಕಳಿಸಿದ್ದೇನೆ, ಬಣ್ಣವನ್ನು ಇಟ್ಟುಕೊಂಡಿದ್ದೇನೆ. ಬರುವ ಭಾನುವಾರ ಅದನ್ನು ನೀವು ಓದಿದ ಶಾಲೆಯ ಗೋಡೆಗೆ ಬಳಿಯುತ್ತೇವೆ. ದಯವಿಟ್ಟು ಬನ್ನಿ. ಬರುವಾಗ ಒಂದು ಬ್ರಷ್ ತನ್ನಿ. ನಮ್ಮಲ್ಲಿ ಒಂದು ಕಡಿಮೆಯಿದೆ.

ಇಂತಿ,
ನಿಮ್ಮ ಮೂರನೇ ಕ್ಲಾಸಿನ ಟೀಚರ್,
ಫೆಲಿಸಿದಾದ್ ಅಬ್ರೆನಿಕಾ