ತಿಳಿ ಹಳದಿಯ ಬೀದಿ

ನಕ್ಷೆ ವಿಭಾಗ, ಎರಡನೇ ಮಹಡಿ
ಗುರುವಾರ, ಬೆಳಿಗ್ಗೆ ಹನ್ನೊಂದು ಗಂಟೆ

ಪ್ರೀತಿಯ ಅಪ್ಪಾ,

ಹೇಗಿದ್ದೀರಿ? ಮಂಡಿನೋವು ಕಡಿಮೆಯಾಯಿತೇ? ಕಿವಿಯ ಮಷಿನ್ ಹಾಕಿಕೊಳ್ಳುತ್ತಿದ್ದೀರೋ, ಇಲ್ಲ ಅದು ಡಬ್ಬಿಯಲ್ಲೇ ಹಾಯಾಗಿ ಮಲಗಿದೆಯೋ? ನಮ್ಮ ಗುಂಡ ಏಳು ತಿಂಗಳಿಗೇ ಕೂರಲು ಕಲಿತನಂತೆ, ಅತ್ತಿಗೆ ಹೇಳಿದರು. ಬಾವಿಯ ನೀರು ಕುಡಿಯಬೇಡಿ, ಗುಂಡನ ಹಾಲಿನ ಪುಡಿಗಂತೂ ಬೆರೆಸಲೇಬೇಡಿ ಎಂದು ನಿನ್ನೆ ಸಂಜೆ ಫೋನಿನಲ್ಲಿ ಅವರಿಗೆ ಹೇಳಿದೆ. ಯಾಕೆ ಎಂದು ಕೇಳಿದರು. ಅಪ್ಪನಿಗೆ ಬರೆದು ಕಳಿಸುತ್ತೇನೆ ಎಂದು ಫೋನಿಟ್ಟೆ. ನಿಮಗೋ ಫೋನಿನಲ್ಲಿ ಕಿರುಚಿದರೂ ಕೇಳಿಸುವುದಿಲ್ಲ. ಅದಕ್ಕೇ ನಮ್ಮ ಕಚೇರಿಯ ಡ್ರೈವರ್ ಕೈಯಲ್ಲಿ ಆರು ಕ್ಯಾನ್ ನೀರು, ಜೊತೆಗೆ ಈ ಪತ್ರ.

ನೀವು ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದ್ದೀರಲ್ಲ ನನ್ನ ನಕ್ಷೆ, ಯಾವ ಭಾಗದ ಬಾವಿಗಳಲ್ಲಿ ಆರ್ಸೆನಿಕ್ ವಿಷ ಎಷ್ಟಿದೆ ಎಂದು ತೋರಿಸುವುದು, ಅದು ಸುಳ್ಳು ಹೇಳುತ್ತಿದೆ. ಐದು ಬಣ್ಣ ಆರಿಸಿದ್ದೆ. ವಿಷ ಕಡಿಮೆಯಿದ್ದಲ್ಲಿ ತಿಳಿ ಹಳದಿ, ಹೆಚ್ಚಿದಂತೆ ಗಾಢವಾಗಿ ಕೊನೆಗೆ ಕಡುಗೆಂಪು. ನೀರನ್ನು ಅಳೆಯದೇ ಇದ್ದ ಜಾಗಗಳನ್ನು ಬೂದು ಬಣ್ಣದಲ್ಲಿ ಬಿಟ್ಟಿದ್ದೆ. ಅಧಿಕಾರಿಗಳು ನೋಡಿ, "ಇದೇನಮ್ಮಾ, ನುಸಿ ತಿಂದ ಸೀರೆ ಥರ ಇದೆ, ಸ್ವಲ್ಪ ಚೆಂದ ಮಾಡು" ಅಂದರು. ನಾನು ಆ ತೂತುಗಳಿಗೆಲ್ಲ ತಿಳಿ ಹಳದಿ ತುಂಬಿದೆ. ಎಲ್ಲರೂ ಶಭಾಷ್ ಅಂದರು, ನಾನು ಉಬ್ಬಿಹೋದೆ. ಹೋದ ವರ್ಷ ನೀವು ಮನೆ ಹುಡುಕುವಾಗ ಇದೇ ನಕ್ಷೆಯ ಮೇಲೆ ಬೆರಳಿಟ್ಟು, "ಎಲ್ಲಕ್ಕಿಂತ ತಿಳಿ ಹಳದಿ ಇಲ್ಲೇ ಇದೆ, ಇಲ್ಲೇ ಇರೋಣ" ಅಂದಿರಿ. ನಾನು ತಲೆಯಾಡಿಸಿದೆ. ಆಗಲೂ ನೆನಪಾಗಲಿಲ್ಲ ಅಪ್ಪಾ! ನಾನು ಹಚ್ಚಿದ ಬಣ್ಣವನ್ನು ನಾನೇ ನಂಬಿಬಿಟ್ಟಿದ್ದೆ.

ನಿನ್ನೆ ಬಾಟಲಿ ಮಾವ, ಅದೇ ನೀರಿನ ಮಾದರಿ ತರುವ ನಮ್ಮ ಹಿರಿಯ ಸಹಾಯಕರು, ಕಚೇರಿಯ ಪಡಸಾಲೆಯಲ್ಲಿ ತೂಗುಹಾಕಿರುವ ಇದೇ ನಕ್ಷೆಯಲ್ಲಿ ನಿಮ್ಮ ಬೀದಿಯನ್ನು ನೋಡಿ ನಕ್ಕರು. "ಆ ಬೀದಿಗೆ ನಾನು ಹೋಗೇ ಇಲ್ವಲ್ಲಮ್ಮಾ, ಆಗ ಸೇತುವೆ ಕುಸಿದಿತ್ತು. ಅಲ್ಲಿ ನೀರು ಅಷ್ಟು ಚೆನ್ನಾಗಿದೆ ಅಂತ ನಿಂಗ್ಯಾರು ಹೇಳಿದ್ರು?" ಅಂದರು. ನಮ್ಮಪ್ಪ ಇರುವುದು ಅದೇ ಬೀದಿಯಲ್ಲಿ ಎಂದೆ. ಅವರು ಆಗಲೇ ಹೋಗಿ ನಿಮ್ಮ ಬೀದಿಯ ಬಾವಿಯಿಂದ ಒಂದು ಬಾಟಲಿ ತಂದು ಪ್ರಯೋಗಾಲಯಕ್ಕೆ ಕೊಟ್ಟಿದ್ದಾರೆ. ನೀವು ಕೈಯಲ್ಲೇ ನಕ್ಷೆ ಬರೆಯುತ್ತಿದ್ದ ಕಾಲದಲ್ಲಿ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು, "ಗೊತ್ತಿಲ್ಲದ ಜಾಗಕ್ಕೆ ಬಣ್ಣ ಹಚ್ಚಬಾರದು ಮಗಳೇ, ಓರೆಗೆರೆ ಎಳೀಬೇಕು" ಅನ್ನುತ್ತಿದ್ದಿರಿ. ದೊಡ್ಡವಳಾದ ಮೇಲೆ ನಿಮ್ಮ ಓರೆಗೆರೆಯನ್ನು ಹಳೇ ಕಾಲದ್ದು ಎಂದು ಎಷ್ಟು ಗೇಲಿ ಮಾಡಿದ್ದೇನೆ. ಇವತ್ತು ಬೆಳಿಗ್ಗೆ ಅಧಿಕಾರಿಗಳಿಗೆ ಎಲ್ಲ ಹೇಳಿದೆ, ನಕ್ಷೆಗಳನ್ನು ಇಳಿಸುತ್ತಿದ್ದಾರೆ.

ಬೈಯುವುದಿದ್ದರೆ ಬೈದುಬಿಡಿ, ಸುಮ್ಮನೆ ಮಾತ್ರ ಇರಬೇಡಿ. ಅತ್ತಿಗೆಗೆ ನಮಸ್ಕಾರ, ಗುಂಡನ ಕೆನ್ನೆಗೊಂದು ಮುತ್ತು.

ನಿಮ್ಮ
ಚಿಕ್ಕ ಮಗಳು

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಫಲಿತಾಂಶ ಬಂತು. ಕಡುಗೆಂಪು, ಅಪ್ಪಾ. ಕಾಯಿಸಿದರೂ ಅದು ಹೋಗುವುದಿಲ್ಲ. ಅತ್ತಿಗೆಯನ್ನೂ ಗುಂಡನನ್ನೂ ಇದೇ ಗಾಡಿಯಲ್ಲಿ ಕಳಿಸಿ, ಡಾಕ್ಟರಿಗೆ ಹೇಳಿಟ್ಟಿದ್ದೇನೆ. ನೀವು ಸ್ವಲ್ಪ ಹೊತ್ತು ಉಳಿಯಬೇಕು. ನೀವು ನಕ್ಷೆ ತೋರಿಸಿ ಆ ಬೀದಿಗೆ ಕರೆತಂದ ಸ್ನೇಹಿತರ ಮನೆಗಳು ನಾಲ್ಕಿವೆ. ನಡುಮನೆಯ ನಕ್ಷೆ ಇಳಿಸಿ, ಗಾಜು ತೆಗೆದು, ಆ ಹಳದಿಯ ಮೇಲೆ ನಿಮ್ಮ ಕೆಂಪು ಪೆನ್ಸಿಲ್ಲಿನಿಂದ ಓರೆಗೆರೆ ಎಳೆದು, ಅದನ್ನೇ ಹಿಡಿದುಕೊಂಡು ಪ್ರತಿ ಬಾಗಿಲೂ ತಟ್ಟಿ. ಇದನ್ನು ಮಾಡಿದ್ದು ಯಾರು ಎಂದು ಕೇಳಿದರೆ, ನನ್ನ ಮಗಳು ಎಂದು ಹೇಳಿ. ಇಷ್ಟು ದಿನ ಹೇಳುತ್ತಿದ್ದಿರಲ್ಲ, ಅಷ್ಟೇ ಗಟ್ಟಿಯಾಗಿ.