ಜಿಂಕೆಗೂ ಹಂದಿಗೂ ಒಂದೇ ಈಡು

ದೀಕ್ಷಿತಾ,

ನಿನ್ನನ್ನು ಎಬ್ಬಿಸಲು ಮನಸ್ಸಾಗಲಿಲ್ಲ, ಹೇಳದೆ ಇರಲೂ ಆಗುತ್ತಿಲ್ಲ. ನಾಳೆ ನಮ್ಮ ಬೇಟೆಸಾಮಾನಿನ ಅಂಗಡಿಯ ಕೌಂಟರಿನಲ್ಲಿ ನಿಲ್ಲುವುದು ನಾನು!

ಆಸ್ಟ್ರೇಲಿಯಾಕ್ಕೆ ಬೇಟೆಗೆ ಹೋಗುವ ಗಿರಾಕಿಯೊಬ್ಬ ಬಂದು, ಜಿಂಕೆಗೆ ಯಾವ ಗುಂಡು, ಕಾಡುಹಂದಿಗೆ ಯಾವುದು ಎಂದು ಕೇಳಿದ. ಸೇಲ್ಸ್‌ನವರು ತಡವರಿಸಿದರು. ಗೋಡೌನಿನಿಂದ ಬಂದ ನಾನು ನಮ್ಮ ಸುಳ್ಯದ ಮಾತಿನಲ್ಲೇ, "ಎರಡಕ್ಕೂ ಒಂದೇ ಈಡು ಸಾಕು" ಅಂದುಬಿಟ್ಟೆ. ಧಣಿ ಅರ್ಬಾಬ್ ಅದನ್ನು ಈದ್ ಎಂದು ಕೇಳಿಸಿಕೊಂಡು ನಕ್ಕು, "ಈದ್ ಮುಗೀತಲ್ಲ ಅಂಗಾರ, ಮತ್ತೆ ರಜೆ ಬೇಕಾ?" ಅಂದರು. ಈಡು ಅಂದರೆ ಗುಂಡು ಎಂದು ಹರಕು ಹಿಂದಿಯಲ್ಲಿ ಬಿಡಿಸಿ ಹೇಳಿದೆ. ಗಿರಾಕಿಗೆ ಮೆಚ್ಚಿಗೆಯಾಯಿತು, ನಾಳೆ ಹತ್ತಕ್ಕೆ ಗೆಳೆಯರನ್ನೂ ಕರೆತರುತ್ತಾನೆ. ಅವರಿಗೆ ಒಪ್ಪಿಗೆಯಾದರೆ ನನಗೆ ಕೌಂಟರೇ ಕಾಯಂ ಅಂತೆ.

ಸ್ಕೂಲಿಗೆ ಹೊರಡುವ ಮೊದಲು ಇಷ್ಟನ್ನು ಇಂಗ್ಲಿಷಿನಲ್ಲಿ ಬರೆ:

ಜಿಂಕೆಯ ಮೈ ತೆಳು, ಗುಂಡು ಒಳಗೆ ಹೋಗಿ ಅರಳಬೇಕು.
ಹಂದಿಯ ಹೆಗಲು ಗಟ್ಟಿ, ಗುಂಡು ಚೂರಾಗಬಾರದು.
ಎರಡಕ್ಕೂ ಆಗುವುದು ಮೊನೆ ಮೆತ್ತಗಿನ, ತೂಕದ ಗುಂಡು.

ಇಂಗ್ಲಿಷಿನಲ್ಲಿ 'ಹಾಗ್' ಅಂದರೆ ಹಂದಿಯೇ ತಾನೆ? ನಗಬೇಡ.

ದೋಸೆಹಿಟ್ಟು ಫ್ರಿಜ್ಜಿನಲ್ಲಿದೆ. ನೀಲಿ ಶರ್ಟಿಗೆ ಇಸ್ತ್ರಿ ಹಾಕಿಯಾಯಿತು.

ಬರೆದಾದ ಮೇಲೆ ನನ್ನನ್ನು ಎಬ್ಬಿಸಿ ಎರಡು ಸಲ ಓದಿಸು. ತಪ್ಪಿದರೆ ಬೈದೇ ತಿದ್ದು, ನನಗೇನೂ ಬೇಜಾರಿಲ್ಲ.

ಅಪ್ಪ