ಮಜ್ಜಿಗೆ ನಿಲ್ಲಿಸಿದ ಮೇಲೆ

ತಿಳವಳ್ಳಿ
ತಾ. ೧೪-೧೧-೧೯೮೪

ಪ್ರೀತಿಯ ಅತ್ತೆಯವರಿಗೆ ಸೊಸೆ ಶಂಕ್ರವ್ವನ ನಮಸ್ಕಾರ.

ಸವಣೂರಿಗೆ ಹೋದ ಮೇಲೆ ನಿಮ್ಮ ಮೊಣಕಾಲು ನೋವು ಹೇಗಿದೆ? ಬಾಣಂತಿ ಕರೆವ್ವನಿಗೆ ಊಟ ಸೇರುತ್ತಿದೆಯೇ? ಮಗಳ ಮನೆಯೆಂದು ನೀರು ಕಾಸುವುದರಿಂದ ಹಿಡಿದು ಎಲ್ಲವನ್ನೂ ನೀವೇ ಮೈಮೇಲೆ ಹಾಕಿಕೊಂಡಿರುತ್ತೀರಿ, ನನಗೆ ಗೊತ್ತು. ಇಲ್ಲಿ ನಿಮ್ಮ ಮಗ ಗೋವಿನಜೋಳದ ರಾಶಿಯಲ್ಲಿದ್ದಾರೆ. ಗಬ್ಬದ ಎಮ್ಮೆ ಮೊನ್ನೆ ಈಯಿತು, ಹೆಣ್ಣು ಕರು. ಸಂತೋಷದ ಸುದ್ದಿಯೇ, ಆದರೆ ಸಂತೋಷದಿಂದ ಬರೆಯಲು ಕೈ ಏಳುತ್ತಿಲ್ಲ.

ನೀವು ಹೋದ ವಾರವೇ ಊರಿಗೆ ಹಾಲಿನ ಡೇರಿ ಬಂತು. ಹಾನಗಲ್ಲಿನ ಅಂಗಡಿಯಲ್ಲಿ ಮಿಕ್ಸರ್ ನೋಡಿ ಬಂದಾಗಿನಿಂದ ನನಗೆ ಅದರದೇ ಗುಂಗು. ಹಿಂಡುವ ಎಮ್ಮೆಯ ಹಾಲೆಲ್ಲ ಡೇರಿಗೆ ಹಾಕಿದರೆ ಬೇಗ ತರಬಹುದೆಂದೆ; ನಿಮ್ಮ ಮಗನೂ ಬೇಡವೆನ್ನಲಿಲ್ಲ. ಹೆಪ್ಪು ಹಾಕುವುದು ನಿಂತಿತು, ಮೊಸರು ಕಡೆಯುವುದೂ ನಿಂತಿತು. ಹಿತ್ತಲ ಗೋಡೆಯಾಚೆಯ ರಹಿಮಾಬಿ ಎಂದಿನಂತೆ ಮಜ್ಜಿಗೆಗೆ ತಂಬಿಗೆ ಹಿಡಿದು ಬಂದಳು. ಮೊದಮೊದಲು ಏನೇನೋ ನೆಪ ಹೇಳಿದೆ. ಆಮೇಲೊಂದು ದಿನ, "ಹಾಲೆಲ್ಲಾ ಡೇರಿಗೆ ಹೋಗತೈತಿ. ಬೇಕಂದ್ರ ಅಲ್ಲೇ ಕೊಂಡ್ಕೋ" ಎಂದುಬಿಟ್ಟೆ. "ಆತು ತಂಗಿ" ಎಂದು ಹೋದವಳು ಮತ್ತೆ ಬರಲಿಲ್ಲ. ಅವಳ ಮಕ್ಕಳು ಆ ಮಜ್ಜಿಗೆಯಲ್ಲೇ ರೊಟ್ಟಿ ಮುರಿದು ಉಣ್ಣುತ್ತಿದ್ದವು. ಓಣಿಯ ಉಳಿದ ಹೆಂಗಸರೂ ಬರುವುದು ಬಿಟ್ಟರು. ಈಗ ಬೆಳಗಿನ ಹೊತ್ತು ನಮ್ಮ ಅಂಗಳದಲ್ಲಿ ಮಾತೇ ಇಲ್ಲ.

ಮೊನ್ನೆ ನಾವಿಬ್ಬರೂ ಮಿಕ್ಸರ್ ತರಲು ಹಾನಗಲ್ಲಿಗೆ ಹೋದೆವು. ಎಮ್ಮೆ ಈಯಲು ಇನ್ನೂ ದಿನವಿದೆ ಎಂದುಕೊಂಡಿದ್ದೆ. ಸಂಜೆ ಬಸ್ಸಿಳಿದು, ಡಬ್ಬಿ ಹೊತ್ತು ಬಂದರೆ ಕೊಟ್ಟಿಗೆಯಲ್ಲಿ ರಹಿಮಾಬಿ! ಮೊಣಕೈವರೆಗೆ ರಕ್ತ, ಸೀರೆಯೆಲ್ಲ ಸಗಣಿ, ಒಣಹುಲ್ಲಿನಿಂದ ಕರುವಿನ ಮೈ ತಿಕ್ಕುತ್ತಿದ್ದಳು. ಕರುವಿನ ಕಾಲು ಮಡಚಿ ಒಳಗೇ ಸಿಕ್ಕಿಕೊಂಡಿತ್ತಂತೆ. ಗೋಡೆ ದಾಟಿ ಬಂದು, ಗಂಡನನ್ನು ಕೂಗಿ ಕರೆದು, ಇಬ್ಬರೂ ಸೇರಿ ಎಳೆದು ತೆಗೆದಿದ್ದರು. ನಾನು ಡಬ್ಬಿ ಇಳಿಸುವುದನ್ನೂ ಮರೆತು ನಿಂತೆ. "ಎಮ್ಮಿ ಒದರಾಕತ್ತಿತ್ತು. ಕೇಳಿ ಸುಮ್ನ ಹೆಂಗ ಕುಂದ್ರಲಿ?" ಎಂದಳು, ನನ್ನ ಮುಖ ನೋಡದೆ. ಚಹಾ ಕುಡಿದು ಹೋಗು ಎಂದರೆ, ಮಕ್ಕಳು ಹಸಿದಿವೆಯೆಂದು ಕೈ ತೊಳೆದು ಹೊರಟಳು.

ಮಿಕ್ಸರ್ ಡಬ್ಬಿ ಇನ್ನೂ ಬಿಚ್ಚಿಲ್ಲ. ನಿಮ್ಮ ಮಗ ಕೇಳಿದರೆ ಕರೆಂಟಿಲ್ಲ ಎನ್ನುತ್ತಿದ್ದೇನೆ.

ಈ ಪತ್ರವನ್ನು ಕರೆವ್ವನಿಂದಲೇ ಓದಿಸಿ, ಅಳಿಯಂದಿರ ಮುಂದೆ ಬೇಡ. ಕೂಸಿನ ಕೆನ್ನೆಗೆ ನನ್ನ ಹೆಸರಲ್ಲೊಂದು ಕರಿಬೊಟ್ಟು ಇಡಿ.

ನಿಮ್ಮ ಸೊಸೆ,
ಶಂಕ್ರವ್ವ

ತಾ.ಕ.: ಅಂಚೆಗೆ ಹಾಕುವ ಮುಂಚೆ ಗಿಣ್ಣ ಕಾಸಿಕೊಂಡು ರಹಿಮಾಬಿಯ ಮನೆಗೆ ಹೋಗಿದ್ದೆ. ಪಾತ್ರೆ ಇಸಿದುಕೊಂಡು, ಸೆರಗಿನ ಗಂಟು ಬಿಚ್ಚುತ್ತ, "ಎಷ್ಟ ಕೊಡಬೇಕ್ರಿ?" ಎಂದಳು. ಚುಚ್ಚಿ ಕೇಳಲಿಲ್ಲ ಅತ್ತೆ, ನಿಜವಾಗಿಯೇ ಕೇಳಿದಳು. ಇವತ್ತಿನ ಹಾಲು ಡೇರಿಗೆ ಕಳಿಸಿಲ್ಲ. ಹೆಪ್ಪು ಹಾಕೋಣವೆಂದರೆ ಮನೆಯಲ್ಲಿ ಒಂದು ಚಮಚ ಮೊಸರಿಲ್ಲ. ಓಣಿಯಲ್ಲಿ ಯಾರ ಬಾಗಿಲಿಗೆ ಹೋಗಿ ಕೇಳಲಿ?